ಮುಳಶಿಯ ಹಿನ್ನೀರು: ನಮ್ಮ ಭಾನುವಾರದ ಸೈಕಲ್ ದಾರಿಗಳ ಚರಿತ್ರೆ

ಈ ಸಲದ ಮಾತು ಸೈಕಲ್ ದಾರಿಗಳ ಬಗ್ಗೆ, ಸೈಕಲ್ ಬಗ್ಗೆ ಅಲ್ಲ. ಕಾರ್ಬನ್ ಫ್ರೇಮ್ ತಗೋಬೇಕಾ ಅಲ್ಯುಮಿನಿಯಂ ಸಾಕಾ, ಟಯರ್‌ಗೆ ಎಷ್ಟು ಗಾಳಿ ಹೊಡೀಬೇಕು, ಇದಕ್ಕೆಲ್ಲ ಬೇರೆ ಚಾನೆಲ್‌ಗಳಿವೆ. ಪುಣೆಯಲ್ಲಿರೋ ಕನ್ನಡದವರು, ಅದರಲ್ಲೂ ಹಿಂಜವಡಿ, ವಾಕಡ, ಬಾಣೇರ ಕಡೆ ಮನೆ ಮಾಡಿರೋರು, ಶನಿವಾರ ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಯಾವ ಕಡೆ ಹೋಗ್ತಾರೋ ಆ ಸೀಮೆಯ ಚರಿತ್ರೆ ಹೇಳೋದು ನನ್ನ ಉದ್ದೇಶ. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೀನಿ. ಮುಂಬೈ, ಹೈದರಾಬಾದಿನಲ್ಲಿ ಕೂತು ಓದೋರು ಬೇಜಾರು ಮಾಡ್ಕೋಬೇಡಿ. ಮುಂಬೈ ಇದರೊಳಗೆ ಬಂದೇ ಬರುತ್ತೆ, ಕರ್ನಾಟಕವೂ ಬರುತ್ತೆ.

ಮೊದಲು ದಾರಿ ಹೇಳಿಬಿಡ್ತೀನಿ. ಪಿರಂಗುಟ ದಾಟಿ ಪೌಡ. ಪೌಡದಿಂದ ನೇರ ಹೋದರೆ ಮುಳಶಿ, ಅಲ್ಲಿಂದ ನೀರಿನ ಅಂಚಿಗೇ ಅಂಟಿಕೊಂಡು ತಾಮ್ಹಿಣಿ ಘಾಟಿನ ತಲೆ. ಪೌಡದಲ್ಲಿ ಬಲಕ್ಕೆ ತಿರುಗಿದರೆ ಕೋಳವಣ, ಆಮೇಲೆ ತಿಕೋನಾ ಕೋಟೆಯ ಬುಡ, ಪವನಾ ಜಲಾಶಯ, ಅಲ್ಲಿಂದ ಇಳಿದು ಕಾಮಶೇತ. ಕಾಮಶೇತದಲ್ಲಿ ಹಳೇ ಮುಂಬೈ-ಪುಣೆ ಹೆದ್ದಾರಿ ಸಿಗುತ್ತೆ. ಎಡಕ್ಕೆ ಕಾರ್ಲಾ, ಲೋಣಾವಳಾ, ಬಲಕ್ಕೆ ತಳೇಗಾವ, ದೇಹೂ ರೋಡ್, ಮನೆ. ಪೌಡ-ಪವನಾ-ಕಾಮಶೇತ ಸುತ್ತು ಹಾಕಿ ವಾಪಸ್ ಬಂದರೆ ನೂರು ಕಿಲೋಮೀಟರಿನ ಆಸುಪಾಸು. ಗುಡ್ಡ, ನೀರು, ಭತ್ತದ ಗದ್ದೆ, ಮತ್ತೆ ಗುಡ್ಡ. ಪುಣೆ ನಗರದ ವಾಯುವ್ಯಕ್ಕೂ ಪಶ್ಚಿಮಕ್ಕೂ ಹಬ್ಬಿರೋ ಈ ಸೀಮೆಗೆ ಮಾವಳ ಅಂತ ಹೆಸರು. ಶಿವಾಜಿಯ ಸೈನ್ಯದ ಮಾವಳೆಗಳು ಅಂತ ಕೇಳಿದೀರಲ್ಲ, ಅವರು ಇಲ್ಲಿಯವರೇ.

ಈ ಸೀಮೆಯ ಮಳೆ ಲೆಕ್ಕ ವಿಚಿತ್ರ. ಪುಣೆ ಊರಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಅಲ್ಲಿಂದ ಸೈಕಲ್ಲಿನಲ್ಲಿ ಒಂದು ಮುಂಜಾನೆಯ ದೂರದ ತಾಮ್ಹಿಣಿಯಲ್ಲಿ 6000 ದಾಟುತ್ತೆ. ಆಗುಂಬೆ ಹೆಸರು ಹೇಳಿ ಬೀಗೋ ನಾವು ಇದನ್ನ ಒಪ್ಪಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಸಹ್ಯಾದ್ರಿಯ ಅಂಚಿಗೆ ಮೋಡ ಬಡಿದು ಅಲ್ಲೇ ಸುರಿದು ಖಾಲಿಯಾಗುತ್ತೆ, ಪೂರ್ವಕ್ಕೆ ಉಳಿಯೋದು ಹನಿ. ಆದ್ರೆ ಸುರಿದ ನೀರು ಹರಿಯೋದು ಮಾತ್ರ ಪೂರ್ವಕ್ಕೆ. ಅರಬ್ಬಿ ಸಮುದ್ರ ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲೇ ಇದ್ರೂ ಮುಳಾ, ಪವನಾ, ಇಂದ್ರಾಯಣಿ, ಮುಠಾ ಎಲ್ಲವೂ ಬೆನ್ನು ತಿರುಗಿಸಿ ಭೀಮೆಗೆ ಸೇರ್ತಾವೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಮುಂದಿನ ಕತೆಯೆಲ್ಲ ಇದರ ಮೇಲೆ ನಿಂತಿದೆ.

ಇನ್ನೊಂದು. ಈ ದಾರಿಗಳಲ್ಲಿ ಕಾಣೋ ದೊಡ್ಡ 'ಲೇಕ್'ಗಳು ಯಾವುವೂ ಹುಟ್ಟಿನಿಂದ ಇದ್ದವಲ್ಲ. ಮುಳಶಿ, ಪವನಾ, ವಲವಣ, ಶಿರವತಾ, ಖಡಕವಾಸ್ಲಾ, ಪಾನಶೇತ, ಎಲ್ಲವೂ ಅಣೆಕಟ್ಟಿನ ಹಿಂದೆ ನಿಂತ ನೀರು. ರೆಸಾರ್ಟಿನವರು 'ಲೇಕ್ ವ್ಯೂ' ಅಂತ ಬೋರ್ಡ್ ಹಾಕ್ತಾರೆ, ನಾವೂ ಸ್ಟ್ರಾವಾದಲ್ಲಿ 'ಮುಳಶಿ ಲೇಕ್ ರೈಡ್' ಅಂತ ಹಾಕ್ತೀವಿ. ಕನ್ನಡದಲ್ಲಿ ಇದಕ್ಕೆ ಪ್ರಾಮಾಣಿಕವಾದ ಶಬ್ದ ಇದೆ, ಹಿನ್ನೀರು. ಕೆರೆ ಅಂದ್ರೆ ಊರಿನವರು ಊರಿಗೋಸ್ಕರ ಕಟ್ಟಿಕೊಂಡದ್ದು. ಹಿನ್ನೀರು ಅಂದ್ರೆ ಯಾರದೋ ಊರಿನ ಮೇಲೆ ಬಂದು ನಿಂತದ್ದು. ಲಿಂಗನಮಕ್ಕಿ ಕಂಡ ಮಲೆನಾಡಿನವರಿಗೆ, ಆಲಮಟ್ಟಿ ಕಂಡ ಬಾಗಲಕೋಟೆಯವರಿಗೆ 'ಮುಳುಗಡೆ' ಅನ್ನೋ ಶಬ್ದವನ್ನ ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಕತೆಗೆ ಮೊದಲು ರಸ್ತೆಯ ಕತೆ. ಯಾಕಂದ್ರೆ ರಸ್ತೆ ಹಳೆಯದು, ನೀರು ಹೊಸತು.

ಕಾರ್ಲಾ ಗುಹೆಗಳು ಹಳೇ ಹೆದ್ದಾರಿಯಿಂದ ಸ್ವಲ್ಪವೇ ಒಳಗಿವೆ. ಬುಡದ ತನಕ ಸೈಕಲ್ ಹೋಗುತ್ತೆ, ಆಮೇಲೆ ಮೆಟ್ಟಿಲು. ಬಾಗಿಲಲ್ಲೇ ಏಕವೀರಾ ದೇವಿಯ ಗುಡಿ, ಮುಂಬೈನ ಕೋಳಿ ಜನರ ಕುಲದೇವತೆ, ಹಾಗಾಗಿ ಭಾನುವಾರ ಗದ್ದಲ ಇದ್ದೇ ಇರುತ್ತೆ. ಅದನ್ನ ದಾಟಿ ಒಳಗೆ ಹೋದರೆ ದೇಶದಲ್ಲೇ ಅತಿ ದೊಡ್ಡ ಬಂಡೆಗಲ್ಲಿನ ಚೈತ್ಯಗೃಹ. ಮೇಲ್ಛಾವಣಿಗೆ ಜೋಡಿಸಿದ ಮರದ ಕಮಾನುಗಳು ಸುಮಾರು ಎರಡು ಸಾವಿರ ವರ್ಷದ ಹಿಂದಿನವು, ಇನ್ನೂ ಇವೆ. ಇಲ್ಲಿನ ಪ್ರಾಕೃತ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿವೆ. ಯವನರಿದ್ದಾರೆ, ವ್ಯಾಪಾರಿಗಳಿದ್ದಾರೆ. ಈ ಗುಹೆಯನ್ನ ಪೂರ್ತಿ ಮಾಡಿಸಿ, ಜಂಬೂದ್ವೀಪದಲ್ಲೇ ಇದು ಶ್ರೇಷ್ಠ ಅಂತ ಹೇಳಿಕೊಂಡ ಶ್ರೇಷ್ಠಿಯ ಹೆಸರು ಭೂತಪಾಲ. ಊರು ವೈಜಯಂತಿ. ವೈಜಯಂತಿ ಅಂದ್ರೆ ನಮ್ಮ ಬನವಾಸಿ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಪಂಪ ಹುಟ್ಟೋದಕ್ಕೆ ಎಂಟೊಂಬತ್ತು ಶತಮಾನ ಮೊದಲು ಬನವಾಸಿಯ ಒಬ್ಬ ಸಾಹುಕಾರ ಲೋಣಾವಳಾದ ಪಕ್ಕ ದುಡ್ಡು ಸುರಿದಿದ್ದಾನೆ! ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ 'ಕರ್ನಾಟಕದೋರು ಪುಣೆಗೆ ಯಾವಾಗ ಬಂದ್ರು' ಅಂತ ಯಾರಾದ್ರೂ ಶುರು ಮಾಡಿದ್ರೆ ಈ ಉತ್ತರ ಸಾಕು.

ಅವನು ದುಡ್ಡು ಸುರಿಯೋದಕ್ಕೆ ಕಾರಣ ಭಕ್ತಿ ಒಂದೇ ಅಲ್ಲ ಅಂತ ನನ್ನ ಅನಿಸಿಕೆ. ಕಾರ್ಲಾ, ಭಾಜೆ, ಬೇಡ್ಸೆ ಮೂರೂ ಗುಹೆ ಸಮೂಹಗಳು ಒಂದೇ ಹಾದಿಯ ಮಗ್ಗುಲಲ್ಲಿವೆ. ಸೋಪಾರಾ, ಕಲ್ಯಾಣದ ಬಂದರುಗಳಿಂದ ಘಟ್ಟ ಹತ್ತಿ ಬಯಲುಸೀಮೆಗೆ ಹೋಗೋ ಎತ್ತುಗಳ ಹಾದಿ ಅದು. ಲೋಹಗಡ, ವಿಸಾಪುರ, ತಿಕೋನಾ, ತುಂಗ ಕೋಟೆಗಳೂ ಅದೇ ಹಾದಿಯ ಕಾವಲಿಗೆ ಕೂತಿರೋದು. ವ್ಯಾಪಾರ ಎಲ್ಲಿ ಹತ್ತಿ ಇಳಿಯುತ್ತೋ ಅಲ್ಲಿ ವಿಹಾರ, ಸುಂಕ, ಕೋಟೆ ಎಲ್ಲ ಬಂದು ಸೇರ್ತಾವೆ.

ಬೋರಘಾಟಿನಲ್ಲಿ ಚಕ್ರದ ಗಾಡಿ ಹೋಗೋವಂಥ ರಸ್ತೆಯಾಗಿದ್ದು 1830ರಲ್ಲಿ, ಮುಂಬೈ ಗವರ್ನರ್ ಜಾನ್ ಮಾಲ್ಕಮ್ ಕಾಲದಲ್ಲಿ. ಅದಾಗಿ ಮೂವತ್ತು ಚಿಲ್ಲರೆ ವರ್ಷಕ್ಕೆ ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಈ ಘಟ್ಟಕ್ಕೆ ಹಾಕಿದ ಹಳಿ 1863ರಲ್ಲಿ ತೆರೀತು. 25 ಸುರಂಗ. 1831 ಅಡಿ ಏರಿಕೆ. ಅತಿ ಕಡಿದಾದ ಕಡೆ 37 ಅಡಿಗೆ ಒಂದಡಿ ಏರು, ಅಂದ್ರೆ ನಮ್ಮ ಸೈಕಲ್ ಕಂಪ್ಯೂಟರಿನಲ್ಲಿ 2.7 ಪರ್ಸೆಂಟ್. ನಾವು ಅದನ್ನ ಏರು ಅಂತ ಕರೆಯೋದೂ ಇಲ್ಲ, ಉಗಿಬಂಡಿಗೆ ಅದು ಹಿಮಾಲಯ. ಕೆಲಸ ಉಚ್ಛ್ರಾಯದಲ್ಲಿದ್ದಾಗ, 1861ರಲ್ಲಿ, 42,000ಕ್ಕೂ ಹೆಚ್ಚು ಕೂಲಿಯವರು ಆ ಇಳಿಜಾರಿನಲ್ಲಿದ್ದರು. ಕಾಲರಾದಿಂದಲೂ ಜ್ವರದಿಂದಲೂ ಸತ್ತವರು ಸಾವಿರಗಟ್ಟಲೆ. ಕೂಲಿ ಸರಿಯಾಗಿ ಕೊಡದೆ 1859ರಲ್ಲಿ ದೊಂಬಿಯಾಯ್ತು, ಗುತ್ತಿಗೆದಾರ ಬಿಟ್ಟು ಹೋದ. ಮುಂದಿನ ಗುತ್ತಿಗೆದಾರ ಸಾಲಮನ್ ಟ್ರೆಡ್ವೆಲ್ ಇಂಡಿಯಾಕ್ಕೆ ಬಂದ ಕೆಲವೇ ದಿನದಲ್ಲಿ ತೀರಿಕೊಂಡ. ಗುತ್ತಿಗೆಯನ್ನ ಹೆಂಡತಿ ಆಲಿಸ್ ಟ್ರೆಡ್ವೆಲ್ ವಹಿಸಿಕೊಂಡು ಮುಗಿಸಿದಳು. ಆಗಿನ ಕಾಲಕ್ಕೆ ಹೆಂಗಸೊಬ್ಬಳು ಇಷ್ಟು ದೊಡ್ಡ ರೈಲ್ವೆ ಗುತ್ತಿಗೆ ನಡೆಸಿದ್ದು ಅಪರೂಪದ ಮಾತು. ಅವಳ ಹೆಸರಾದ್ರೂ ದಾಖಲೆಯಲ್ಲಿ ಉಳೀತು, ಆ 42,000 ಜನರದ್ದು ಉಳಿಯಲಿಲ್ಲ.

ಖಂಡಾಳಾದ ಕೆಳಗೆ ಶಿಂಗ್ರೋಬಾ ಅಂತ ಒಂದು ಗುಡಿ ಇದೆ. ಘಟ್ಟ ಇಳಿಯೋ ಲಾರಿ ಡ್ರೈವರುಗಳು ನಿಲ್ಲಿಸಿ ಕೈಮುಗೀತಾರೆ. ದಾರಿ ತೋಚದೆ ನಿಂತಿದ್ದ ಇಂಗ್ಲಿಷ್ ಎಂಜಿನಿಯರುಗಳಿಗೆ ಕುರಿ ಕಾಯೋ ಧನಗರನೊಬ್ಬ ದಾರಿ ತೋರಿಸಿದ, ಆಮೇಲೆ ಅವರೇ ಅವನನ್ನ ಕೊಂದರು ಅಂತ ಕತೆ. ದಾಖಲೆಯ ಮಾತಲ್ಲ, ಜನ ಹೇಳೋ ಮಾತು. ಆದ್ರೆ ಯಾರಿಗೆ ಯಾರ ಮೇಲೆ ಎಷ್ಟು ನಂಬಿಕೆ ಇತ್ತು ಅನ್ನೋದು ಇಂಥ ಕತೆಗಳಲ್ಲೇ ಇರೋದು. ಮುಂಬೈ-ಪುಣೆ ಸೈಕಲ್ ರೇಸ್ ಕೂಡ ಇದೇ ಘಟ್ಟ ಹತ್ತಿ ಬರುತ್ತೆ. ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಅನ್ನೋ ಬಿರುದು.

ಬರ್ಕ್ಲಿಯ ಹೆಸರಲ್ಲಿ ಮುಂಬೈ ಪ್ರಾಂತ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಬಹುಮಾನ ಇತ್ತು. 1883ರಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಮೊದಲನೆಯವನಾಗಿ ಪಾಸಾಗಿ ಆ ಬಹುಮಾನ ತಗೊಂಡ ಹುಡುಗ ಮುದ್ದೇನಹಳ್ಳಿಯವನು. ಹೆಸರು ಹೇಳಬೇಕಾ? ವಿಶ್ವೇಶ್ವರಯ್ಯ. ಮುಂದೆ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಅವರು ಪೇಟೆಂಟ್ ಮಾಡಿದ ಸ್ವಯಂಚಾಲಿತ ಬಾಗಿಲುಗಳು ಮೊದಲು ಕೂತಿದ್ದು 1903ರಲ್ಲಿ, ನಾವು ಸಿಂಹಗಡಕ್ಕೆ ಸೈಕಲ್ ಹೊಡೆಯುವಾಗ ಪಕ್ಕದಲ್ಲೇ ಸಿಗೋ ಖಡಕವಾಸ್ಲಾದಲ್ಲಿ. ನೀರು ಒಂದು ಮಟ್ಟ ಮುಟ್ಟಿದರೆ ಬಾಗಿಲು ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚುತ್ತೆ. ಕಟ್ಟೆಯನ್ನ ಎತ್ತರಿಸದೆ ಹೆಚ್ಚು ನೀರು ಹಿಡಿಯೋ ಉಪಾಯ. ಆಮೇಲೆ ಅದೇ ಜಾಣ್ಮೆ ಕೆಆರ್‌ಎಸ್‌ಗೆ ಬಂತು. 1961ರ ಜುಲೈ 12ರಂದು ಮೇಲಿನ ಪಾನಶೇತ ಅಣೆಕಟ್ಟು, ಇನ್ನೂ ಪೂರ್ತಿ ಮುಗಿದಿರಲಿಲ್ಲ, ಒಡೀತು. ಆ ಹೊಡೆತಕ್ಕೆ ಕೆಲವೇ ಗಂಟೆಯಲ್ಲಿ ಖಡಕವಾಸ್ಲಾ ಕೂಡ ಒಡೀತು. ಹಳೇ ಪುಣೆಯ ನದಿ ದಡದ ಪೇಠೆಗಳು ಮುಳುಗಿಹೋದವು. ಪುಣೆಯ ಹಿರಿಯರು ಇವತ್ತಿಗೂ 'ಪೂರಾಚ್ಯಾ ಆಧೀ', ಅಂದ್ರೆ ಪ್ರವಾಹಕ್ಕೆ ಮೊದಲು, ಅಂತ ಕಾಲ ಎಣಿಸ್ತಾರೆ. ಆಗ ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಬದುಕೇ ಇದ್ದರು. ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈಗ ಮುಳಶಿಗೆ ಬರೋಣ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮುಂಬೈನ ಬಟ್ಟೆ ಗಿರಣಿಗಳೆಲ್ಲ ಕಲ್ಲಿದ್ದಲು ಸುಟ್ಟು ಓಡ್ತಿದ್ವು. ಕಲ್ಲಿದ್ದಲು ದೂರದಿಂದ ಬರಬೇಕು, ದುಬಾರಿ, ಊರೆಲ್ಲ ಹೊಗೆ. ಘಟ್ಟದ ತಲೆಯ ಮೇಲೆ ಬೀಳೋ ಮಳೆಯನ್ನ ಅಲ್ಲೇ ತಡೆದು, ಪೂರ್ವಕ್ಕೆ ಹೋಗೋ ನೀರನ್ನ ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಅಂಚಿನಿಂದ ಕೊಳವೆಯಲ್ಲಿ ಕೆಳಗೆ ಬಿಟ್ಟರೆ ವಿದ್ಯುತ್ ಸಿಗುತ್ತೆ ಅನ್ನೋ ಯೋಚನೆಯನ್ನ ಜಮ್ಶೇಟ್‌ಜಿ ಟಾಟಾ ಅವರ ಮುಂದೆ ಇಟ್ಟಿದ್ದು ಡೇವಿಡ್ ಗಾಸ್ಲಿಂಗ್ ಅನ್ನೋ ಮುಂಬೈನ ವಾಸ್ತುಶಿಲ್ಪಿ. ಎಂಜಿನಿಯರ್ ಆಗಿ ಹೇಳ್ತೀನಿ, ಯೋಚನೆ ಅದ್ಭುತ. ನದಿಯ ಸಹಜ ಇಳಿಜಾರು ಪೂರ್ವಕ್ಕೆ ತೀರ ಕಮ್ಮಿ. ಪಶ್ಚಿಮಕ್ಕೆ ಒಂದೇ ಸಲಕ್ಕೆ ಸುಮಾರು 500 ಮೀಟರ್ ಧುಮುಕೋಕೆ ಜಾಗ ಇದೆ. ಜಮ್ಶೇಟ್‌ಜಿ 1904ರಲ್ಲಿ ತೀರಿಕೊಂಡರು. ಮಕ್ಕಳು ಮುಂದುವರಿಸಿದರು. ಲೋಣಾವಳಾದ ಸುತ್ತಲಿನ ಅಣೆಕಟ್ಟುಗಳ ನೀರಿನಿಂದ ಖೋಪೋಲಿಯ ವಿದ್ಯುದಾಗಾರ 1915ರಲ್ಲಿ ಶುರುವಾಯ್ತು. ಆಮೇಲೆ ಆಂಧ್ರಾ ಕಣಿವೆ, ಭಿವಪುರಿ, 1922. ಆಂಧ್ರಾ ಅಂದ್ರೆ ಇಲ್ಲಿನ ಒಂದು ನದಿ, ರಾಜ್ಯ ಅಲ್ಲ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ನೀಳಾ ಮುಳಾ ನದಿಗಳು ಕೂಡೋ ಕಡೆ, ಮುಳಶಿ.

ಲೋಣಾವಳಾದಲ್ಲೂ ಆಂಧ್ರಾ ಕಣಿವೆಯಲ್ಲೂ ಜನ ಹೋಗಿದ್ದರು. ಮುಳಶಿಯಲ್ಲಿ ಹೋಗಲ್ಲ ಅಂದರು. ಈ ಕಣಿವೆಯಲ್ಲಿ ಮುಳುಗಡೆಗೆ ಸಿಕ್ಕಿದ್ದು 50ಕ್ಕೂ ಹೆಚ್ಚು ಹಳ್ಳಿ, ಹತ್ತು ಸಾವಿರಕ್ಕೂ ಹೆಚ್ಚು ಜನ. ಒಳ್ಳೆ ಭತ್ತದ ನೆಲ. ಆಂಬೇಮೋಹರ್ ಅಂತ ಪುಣೆಯ ಅಂಗಡಿಯಲ್ಲಿ ಕೇಳಿ ತಗೋತೀವಲ್ಲ, ಮಾವಿನ ಹೂವಿನ ಘಮದ ಅಕ್ಕಿ, ಅದು ಈ ಸೀಮೆಯದು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಟಿಳಕರು 1920ರ ಆಗಸ್ಟಿನಲ್ಲಿ ತೀರಿಕೊಂಡಿದ್ದರು, ಗಾಂಧಿಯ ಅಸಹಕಾರ ಶುರುವಾಗಿತ್ತು. ಸತ್ಯಾಗ್ರಹ ಅನ್ನೋ ಶಬ್ದ ಹಳ್ಳಿಹಳ್ಳಿಗೆ ಮುಟ್ಟಿತ್ತು.

1921ರ ಏಪ್ರಿಲ್ 16, ರಾಮನವಮಿ. ಸಾವಿರಕ್ಕೂ ಹೆಚ್ಚು ಮಾವಳೆಗಳು, ಹೆಂಗಸರು ಮಕ್ಕಳ ಸಮೇತ, ಕಟ್ಟೆ ಕಟ್ಟೋ ಜಾಗದಲ್ಲಿ ಹೋಗಿ ಕೂತರು. ಕೆಲಸ ನಿಂತಿತು. ಘೋಷಣೆ ಮೂರೇ ಶಬ್ದ, 'ಜಾನ್ ಕಿಂವಾ ಜಮೀನ್', ಪ್ರಾಣ ಇಲ್ಲವೇ ನೆಲ. ಗಾಂಧೀಜಿ ಅದೇ ತಿಂಗಳು ಯಂಗ್ ಇಂಡಿಯಾದಲ್ಲಿ ಇವರ ಪರವಾಗಿ ಬರೆದರು. ಕಾನೂನು ನಮ್ಮ ಕಡೆ ಇದೆ ಅಂತ ನಿಲ್ಲದೆ, ಟಾಟಾದವರು ಜನರ ಜೊತೆಯೇ ಕೂತು ಮಾತಾಡಲಿ ಅನ್ನೋದು ಅವರ ಮಾತಿನ ಸಾರ. ಕಂಪನಿ ಆರು ತಿಂಗಳು ಕೆಲಸ ನಿಲ್ಲಿಸೋಕೆ ಒಪ್ಪಿತು. ಜನ ಗೆದ್ದೆವು ಅಂದುಕೊಂಡರು.

ಇಲ್ಲಿಂದ ಮುಂದೆ ಏನಾಯ್ತು ಅನ್ನೋದು ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ. ಕಂಪನಿ ಒಂದು ಕಡೆ, ಬ್ರಿಟಿಷ್ ಸರ್ಕಾರ ಅದರ ಹಿಂದೆ, ಕೈಯಲ್ಲಿ 1894ರ ಭೂಸ್ವಾಧೀನ ಕಾಯ್ದೆ. ಇದು ಎಲ್ಲರಿಗೂ ಗೊತ್ತಾಗೋ ಭಾಗ. ಆದ್ರೆ ಮುಳಶಿಯ ನೆಲದ ಕಾಗದ ಯಾರ ಹೆಸರಲ್ಲಿತ್ತು? ಎಷ್ಟೋ ಹೊಲಗಳು ಪುಣೆಯ ಸಾಹುಕಾರರಿಗೆ ಒತ್ತೆ ಹೋಗಿದ್ದವು. ಉಳೋನು ಮಾವಳೆ, ಒಡೆಯ ಪೇಠೆಯಲ್ಲಿ ಕೂತ ಬಡ್ಡಿ ವ್ಯಾಪಾರಿ. ಮಾವಳೆಗೆ ಬೇಕಿದ್ದದ್ದು ನೆಲ. ಸಾಹುಕಾರನಿಗೆ ಬೇಕಿದ್ದದ್ದು ಒಳ್ಳೆ ಪರಿಹಾರ. ವಿರೋಧ ಜೋರಾದಷ್ಟೂ ಪರಿಹಾರದ ಮೊತ್ತ ಏರುತ್ತೆ, ಹಾಗಾಗಿ ಸ್ವಲ್ಪ ದೂರ ಇಬ್ಬರೂ ಜೊತೆಗೆ ನಡೆದರು. ಮೊತ್ತ ಹಿಡಿಸಿದ ಮೇಲೆ ಸಾಹುಕಾರ ಇಳಿದುಹೋದ. ಪುಣೆಯ ನಾಯಕರಲ್ಲೂ ಇದೇ ಒಡಕು. 'ಕೇಸರಿ' ಪತ್ರಿಕೆಯ ಬೆಂಬಲ ಇತ್ತು, ನ.ಚಿಂ. ಕೇಳಕರರಂಥವರು ಇದ್ದರು, ಆದರೆ ಟಾಟಾ ಅಂದ್ರೆ ಸ್ವದೇಶಿ ಬಂಡವಾಳ. ಇಂಗ್ಲಿಷರ ಕಂಪನಿ ಆಗಿದ್ದರೆ ಬೈಯೋದು ಸುಲಭ ಇತ್ತು. ನಮ್ಮವರದೇ ಕಾರ್ಖಾನೆ, ನಮ್ಮವರದೇ ವಿದ್ಯುತ್, ಅದಕ್ಕೆ ನಮ್ಮವರದೇ ಊರು ಮುಳುಗಬೇಕು ಅಂದಾಗ ರಾಷ್ಟ್ರೀಯವಾದಿ ಏನು ಮಾಡಬೇಕು? ಆ ಪ್ರಶ್ನೆ ದೇಶದ ಮುಂದೆ ಇಷ್ಟು ನೇರವಾಗಿ ಬಂದಿದ್ದು ಮುಳಶಿಯಲ್ಲಿ, ಸ್ವಾತಂತ್ರ್ಯಕ್ಕೆ ಕಾಲು ಶತಮಾನ ಮೊದಲು.

ಅದೇ ವರ್ಷದ ಕೊನೆಗೆ ಕೆಲಸ ಮತ್ತೆ ಶುರುವಾಯ್ತು, ಜೊತೆಗೆ ಸತ್ಯಾಗ್ರಹವೂ. ಬಂಧನ, ಜೈಲು, ಬಿಡುಗಡೆ, ಮತ್ತೆ ಬಂಧನ. ಹೆಂಗಸರೂ ಜೈಲಿಗೆ ಹೋದರು. ವಿನಾಯಕರಾವ್ ಭುಸ್ಕುಟೆ, ಶಂಕರರಾವ್ ದೇವ್ ಮುಂಚೂಣಿಯಲ್ಲಿದ್ದರು. ಕೊನೆಯ ತನಕ ನಿಂತವರು ಪಾಂಡುರಂಗ ಮಹಾದೇವ ಬಾಪಟ್.

ಬಾಪಟರ ಬದುಕೇ ಒಂದು ಸಿನಿಮಾ. ಪಾರನೇರದಲ್ಲಿ 1880ರಲ್ಲಿ ಹುಟ್ಟಿದ್ದು. ವಿದ್ಯಾರ್ಥಿವೇತನದ ಮೇಲೆ ಎಡಿನ್‌ಬರೋಗೆ ಹೋಗಿ ಎಂಜಿನಿಯರಿಂಗ್ ಓದೋ ಬದಲು, ಪ್ಯಾರಿಸ್ಸಿನಲ್ಲಿ ರಷ್ಯನ್ ಕ್ರಾಂತಿಕಾರಿಗಳಿಂದ ಬಾಂಬ್ ಮಾಡೋ ವಿದ್ಯೆ ಕಲಿತು, ಅದರ ಕೈಪಿಡಿ ದೇಶಕ್ಕೆ ಬರೋ ಹಾಗೆ ಮಾಡಿದ ಮನುಷ್ಯ. ಅಂಥವರು ಮುಳಶಿಯಲ್ಲಿ ಸತ್ಯಾಗ್ರಹಿಯಾಗಿ ಕೂತರು, ಕೂತೇ ಹಲವು ಸಲ ಜೈಲಿಗೆ ಹೋದರು. ಕಟ್ಟೆ ಏಳ್ತಾನೇ ಇತ್ತು. 1924ರ ಡಿಸೆಂಬರಿನಲ್ಲಿ ಕೆಲವೇ ಸಂಗಾತಿಗಳ ಜೊತೆ ಕಂಪನಿಯ ರೈಲನ್ನ ಹಳಿಗೆ ಕಲ್ಲಿಟ್ಟು ಅಡ್ಡಗಟ್ಟಿದರು, ಕೈಯಲ್ಲಿ ಆಯುಧ ಇತ್ತು. ಏಳು ವರ್ಷದ ಶಿಕ್ಷೆಯಾಯ್ತು. ಅಲ್ಲಿಗೆ ಚಳವಳಿ ಮುಗೀತು. ಜನ ಅವರಿಗೆ ಕೊಟ್ಟ ಹೆಸರು 'ಸೇನಾಪತಿ' ಉಳೀತು.

ಪುಣೆಯಲ್ಲಿ ನೀವು ಕ್ಯಾಬ್ ಬುಕ್ ಮಾಡುವಾಗ ಟೈಪ್ ಮಾಡೋ 'ಎಸ್‌ಬಿ ರೋಡ್' ಆ ಸೇನಾಪತಿ ಬಾಪಟರದ್ದು. ಟೆಕ್ ಪಾರ್ಕು, ಮಾಲು, ಐದು ನಕ್ಷತ್ರದ ಹೋಟೆಲು, ಬಾಪಟರು ಮಾತ್ರ ಎರಡು ಅಕ್ಷರವಾಗಿ ಕೂತಿದ್ದಾರೆ. ಮುಂಬೈನವರೇ, ನಿಮ್ಮ ದಾದರ್‌ನಿಂದ ಲೋವರ್ ಪರೇಲ್ ಕಡೆ ಹೋಗೋ ಸೇನಾಪತಿ ಬಾಪಟ್ ಮಾರ್ಗ ಕೂಡ ಇವರದೇ. ಅದರ ಎರಡೂ ಮಗ್ಗುಲಲ್ಲಿ ಇದ್ದದ್ದು ಬಟ್ಟೆ ಗಿರಣಿಗಳು! ಯಾವ ಗಿರಣಿ ಸೀಮೆಗೆ ವಿದ್ಯುತ್ ಕೊಡೋಕೆ ಮುಳಶಿ ಮುಳುಗೀತೋ ಅದೇ ಸೀಮೆಯ ರಸ್ತೆಗೆ, ಮುಳಶಿ ಉಳಿಸೋಕೆ ಹೋದವನ ಹೆಸರು. ಇದನ್ನ ಯಾರೂ ವ್ಯಂಗ್ಯಕ್ಕೆ ಇಟ್ಟಿರಲಿಕ್ಕಿಲ್ಲ. ಈಗ ಆ ಗಿರಣಿಗಳೂ ಇಲ್ಲ, ಅದೇ ಕಾಂಪೌಂಡುಗಳಲ್ಲಿ ನಮ್ಮಂಥವರ ಆಫೀಸುಗಳಿವೆ.

ರಾಜೇಂದ್ರ ವೋರಾ ಅವರು ಮುಳಶಿಯ ಬಗ್ಗೆ ಬರೆದ, 2009ರಲ್ಲಿ ಬಂದ ಇಂಗ್ಲಿಷ್ ಪುಸ್ತಕದ ಹೆಸರಲ್ಲೇ ಇದನ್ನ ಜಗತ್ತಿನ ಮೊದಲ ಅಣೆಕಟ್ಟು ವಿರೋಧಿ ಚಳವಳಿ ಅಂತ ಕರೆದಿದ್ದಾರೆ. ಮೊದಲನೆಯದು ಹೌದಾ ಅಲ್ವಾ ಅನ್ನೋ ವಾದ ನನಗೆ ಅಷ್ಟು ಮುಖ್ಯ ಅಲ್ಲ. ನರ್ಮದೆಯಲ್ಲಿ ಆಮೇಲೆ ಎದ್ದ ಪ್ರಶ್ನೆಗಳೆಲ್ಲ ಇಲ್ಲಿ ಆಗಲೇ ಎದ್ದಿದ್ದವು. 'ಸಾರ್ವಜನಿಕ ಉದ್ದೇಶ' ಅಂದ್ರೆ ಯಾರ ಉದ್ದೇಶ, ಉಳೋನಿಗೆ ಪರಿಹಾರವೋ ಕಾಗದ ಇದ್ದೋನಿಗೋ, ನೆಲಕ್ಕೆ ನೆಲ ಕೊಡ್ತೀರೋ ದುಡ್ಡು ಕೊಡ್ತೀರೋ. ಮುಳಶಿಯವರ ಮೇಲೆ ಪ್ರಯೋಗಿಸಿದ ಆ 1894ರ ಕಾಯ್ದೆ ಸ್ವತಂತ್ರ ಭಾರತದಲ್ಲೂ ಅರವತ್ತಾರು ವರ್ಷ ಬದುಕಿತ್ತು. ಅದರ ಜಾಗಕ್ಕೆ ಬೇರೆ ಕಾಯ್ದೆ ಜಾರಿಗೆ ಬಂದಿದ್ದು 2014ರ ಜನವರಿ 1ಕ್ಕೆ.

ಘಟ್ಟದ ಕೆಳಗಿನ ಭಿರಾ ವಿದ್ಯುದಾಗಾರ 1927ರಲ್ಲಿ ಶುರುವಾಯ್ತು. ಮುಳಶಿಯ ನೀರು ಸುರಂಗದಲ್ಲಿ ಹೋಗಿ, ಕೊಳವೆಯಲ್ಲಿ ಧುಮುಕಿ, ಟರ್ಬೈನ್ ತಿರುಗಿಸಿ, ಕುಂಡಲಿಕಾ ನದಿಗೆ ಬೀಳುತ್ತೆ. ಕೋಲಾಡಿಗೆ ಟೀಮ್ ಔಟಿಂಗ್ ಹೋಗಿ ರಾಫ್ಟಿಂಗ್ ಮಾಡಿದವರು ನಿಮ್ಮಲ್ಲಿ ಎಷ್ಟೋ ಜನ ಇರ್ತೀರಿ. ಬೆಳಿಗ್ಗೆ ಇಷ್ಟು ಹೊತ್ತಿಗೇ ಬರಬೇಕು, ನೀರು ಬಿಡ್ತಾರೆ ಅಂತ ಹೇಳ್ತಾರಲ್ಲ, ಆ ನೀರು ಇದೇ. ಪುಣೆಗೆ, ಪಂಢರಪುರಕ್ಕೆ, ಕಲಬುರಗಿಗೆ ಹೋಗಬೇಕಿದ್ದ ನೀರಿನ ಮೇಲೆ ಹೆಲ್ಮೆಟ್ ಹಾಕ್ಕೊಂಡು ತೇಲ್ತೀವಿ.

ಕಲಬುರಗಿ ಅಂತ ಸುಮ್ಮನೆ ಹೇಳಲಿಲ್ಲ. ನಾನು ಇಂಡಿ ತಾಲೂಕಿನವನು. ನಮ್ಮ ಕಡೆ ಭೀಮೆ ಅಂದ್ರೆ ಬೇಸಿಗೆಯಲ್ಲಿ ಮರಳು, ಪುಣೆ ಕಡೆ ಮಳೆ ಜೋರಾದಾಗ ಪ್ರವಾಹ. ಮುಳಾ, ಮುಠಾ ಕೂಡಿ ಭೀಮೆಗೆ ಸೇರಿ, ಉಜನಿ ದಾಟಿ, ಇಂಡಿ, ಅಫಜಲಪುರ, ಗಾಣಗಾಪುರ, ಸನ್ನತಿ ಹಾದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರೋ ಹೊಳೆ ಇದು. ಕೃಷ್ಣಾ ಜಲವಿವಾದ ಅಂದ ತಕ್ಷಣ ನಮಗೆ ಆಲಮಟ್ಟಿಯ ಎತ್ತರ ನೆನಪಾಗುತ್ತೆ, ಆಂಧ್ರ ತೆಲಂಗಾಣ ನೆನಪಾಗುತ್ತೆ. ಆದ್ರೆ ಬಚಾವತ್ ನ್ಯಾಯಮಂಡಳಿಯ 1976ರ ಅಂತಿಮ ಆದೇಶದಲ್ಲಿ ಟಾಟಾ ಜಲವಿದ್ಯುತ್ ಯೋಜನೆಗಳ ಹೆಸರು ಹಿಡಿದೇ ಒಂದು ಮಿತಿ ಹಾಕಿದ್ದಾರೆ. ಮಹಾರಾಷ್ಟ್ರ ತನ್ನ ಪಾಲಿನ ನೀರಿನಲ್ಲೇ, ಭೀಮೆಯ ಮೇಲ್ಭಾಗದಿಂದ ಕೃಷ್ಣಾ ಕೊಳ್ಳದ ಹೊರಗೆ ಒಂದು ವರ್ಷಕ್ಕೆ 54.5 ಟಿಎಂಸಿಗಿಂತ, ಸತತ ಐದು ವರ್ಷದಲ್ಲಿ ಒಟ್ಟು 212 ಟಿಎಂಸಿಗಿಂತ ಹೆಚ್ಚು ತಿರುಗಿಸೋ ಹಾಗಿಲ್ಲ. ಅಂದಾಜಿಗೆ ಹೇಳೋದಾದ್ರೆ ಕೆಆರ್‌ಎಸ್ ತುಂಬಿದಾಗ ಇರೋದು ಸುಮಾರು 49 ಟಿಎಂಸಿ. ಬಯಲುಸೀಮೆಗೆ ಇಳಿಯಬೇಕಾದ ನೀರು ಕೊಂಕಣದಲ್ಲಿಳಿದು ಸಮುದ್ರ ಸೇರುತ್ತೆ, ನಡುವೆ ಮುಂಬೈಗೆ ಬೆಳಕು ಕೊಡುತ್ತೆ. ಕಾನೂನಿನ ಪ್ರಕಾರ ಸರಿ. ಮುಂಬೈಗೆ ವಿದ್ಯುತ್ ಬೇಡ ಅಂತಲೂ ನಾನು ಹೇಳಲ್ಲ. ಆದ್ರೆ ಸೋಲಾಪುರ, ವಿಜಯಪುರ, ಕಲಬುರಗಿಯ ಬರದ ಬಗ್ಗೆ ಮಾತಾಡುವಾಗ 'ಮಳೆಯೇ ಇಲ್ಲ' ಅಂತ ಮಾತು ಮುಗಿಸೋದು ನನಗೆ ಒಪ್ಪಿಗೆ ಇಲ್ಲ. ಮೇಲೆ ಮಳೆ ಇದೆ. ಅದನ್ನ ಯಾವ ಕಡೆ ಕಳಿಸಬೇಕು ಅಂತ ನೂರು ವರ್ಷದ ಹಿಂದೆ ಒಂದು ತೀರ್ಮಾನ ಆಯ್ತು, ಆ ತೀರ್ಮಾನದ ಸಭೆಯಲ್ಲಿ ಕೆಳಗಿನ ಊರುಗಳೂ ಇರಲಿಲ್ಲ, ಮುಳುಗೋ ಊರುಗಳೂ ಇರಲಿಲ್ಲ.

ಇದು ಹಳೇ ಕತೆ ಅಂತ ಬಿಡೋ ಹಾಗೂ ಇಲ್ಲ. ಪವನಾ ಅಣೆಕಟ್ಟಿಗೆ ಬನ್ನಿ. 1970ರ ದಶಕದಲ್ಲಿ ಆಗಿದ್ದು. ವಾಕಡ, ಪಿಂಪಳೆ ಸೌದಾಗರ್, ಚಿಂಚವಡದಲ್ಲಿ ಇರೋ ನಮ್ಮ ನಲ್ಲಿಯ ನೀರು ಹೆಚ್ಚೂಕಮ್ಮಿ ಇದರದೇ. ಅಣೆಕಟ್ಟಿನಿಂದ ನದಿಗೆ ಬಿಡ್ತಾರೆ, ಕೆಳಗೆ ರಾವೇತದಲ್ಲಿ ನಗರಸಭೆ ಎತ್ತಿಕೊಳ್ಳುತ್ತೆ. ನದಿಗೆ ಬಿಡೋ ಬದಲು ನೇರ ಪೈಪಿನಲ್ಲೇ ನಗರಕ್ಕೆ ತರೋ ಯೋಜನೆ ಬಂದಾಗ, ನದಿ ಒಣಗಿದರೆ ನಮ್ಮ ಹೊಲಕ್ಕೆ ನೀರೆಲ್ಲಿ ಅಂತ ಮಾವಳದ ರೈತರು ಎದ್ದರು. 2011ರ ಆಗಸ್ಟ್ 9ರಂದು ಎಕ್ಸ್‌ಪ್ರೆಸ್‌ವೇ ಮೇಲೆ ಬವೂರ ಹತ್ತಿರ ಪ್ರತಿಭಟನೆ ಮಾಡುವಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಅದರಲ್ಲಿ ಒಬ್ಬರು ಹೆಂಗಸು. ಯೋಜನೆ ವರ್ಷಗಟ್ಟಲೆ ನಿಂತುಹೋಯ್ತು. ನಮ್ಮ ಸೊಸೈಟಿಗಳ ಸಭೆಯಲ್ಲಿ ಬೇಸಿಗೆ ಬಂದಾಗೆಲ್ಲ ನೀರಿನ ಟ್ಯಾಂಕರ್ ಖರ್ಚಿನ ಜಗಳ ಆಗುತ್ತೆ. 'ಮೇಲೆ ಅಷ್ಟು ದೊಡ್ಡ ಡ್ಯಾಮ್ ಇದ್ಯಲ್ಲ, ಪೈಪ್ ಹಾಕೋಕೆ ಏನು ರೋಗ' ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಉತ್ತರ ನಾವು ಸೈಕಲ್ ಹೊಡೆಯೋ ದಾರಿಯಲ್ಲೇ ಇದೆ.

ಹೋಗೋರಿಗೆ ಎರಡು ಮಾತು ಹೇಳಿ ನಿಲ್ಲಿಸ್ತೀನಿ. ತಾಮ್ಹಿಣಿಗೆ ಜುಲೈ ಆಗಸ್ಟಿನ ಶನಿವಾರ ಭಾನುವಾರ ಹೋಗಬೇಡಿ. ಜಲಪಾತ ನೋಡೋಕೆ ಬರೋ ಕಾರುಗಳ ನಡುವೆ ಸೈಕಲ್ಲಿಗೆ ಜಾಗ ಇರಲ್ಲ, ಮಳೆಯಲ್ಲಿ ಬ್ರೇಕೂ ಹಿಡಿಯಲ್ಲ. ಸೆಪ್ಟೆಂಬರ್ ಕೊನೆಗೆ ಹೋಗಿ, ಭತ್ತ ತೆನೆ ಕಟ್ಟಿರುತ್ತೆ. ಕಾರ್ಲಾಕ್ಕೆ ಹೋದರೆ ಕ್ಲೀಟ್ ಶೂ ಬೇಡ, ಮುನ್ನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲಿವೆ. ಪವನಾ ಕಡೆ ಹೋಗೋದಾದ್ರೆ ಏಪ್ರಿಲ್ ಮೇ ತಿಂಗಳಲ್ಲಿ ಒಮ್ಮೆ ಹೋಗಿ. ಬಿಸಿಲು ಹೊಡೆಯುತ್ತೆ, ನಿಜ, ಆದ್ರೆ ನೀರು ಇಳಿದಿರುತ್ತೆ. ವರ್ಷದ ಬಹುಪಾಲು ಮುಳುಗಿರೋ ವಾಘೇಶ್ವರನ ಹಳೇ ಕಲ್ಲಿನ ಗುಡಿ ಆಗ ಮೇಲೆ ಬಂದಿರುತ್ತೆ. ಸೈಕಲ್ಲನ್ನ ದಡದಲ್ಲಿ ನಿಲ್ಲಿಸಿ, ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದುಕೊಂಡೇ ಗುಡಿಯ ತನಕ ಹೋಗಬಹುದು.